ನಕ್ಷತ್ರಗಳ ನಡುವಿನ ಎಳೆತವನ್ನು ಲೆಕ್ಕ ಹಾಕಿದವರು: ಎಸ್. ಚಂದ್ರಶೇಖರ್

ಬೋಧನಾಭ್ಯಾಸದ ಶಾಲೆಯಲ್ಲಿ 9ನೇ ತರಗತಿಗೆ ಗುರುತ್ವ ಪಾಠ ಮುಗಿಸಿ ಪುನರವಲೋಕನದ ಪ್ರಶ್ನೆ ಕೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನನಗೇ ಪ್ರಶ್ನೆ ಹಾಕಿದ. ಎರಡು ಗೆಲಾಕ್ಸಿಗಳು ಡಿಕ್ಕಿಯಾದರೆ ಅವುಗಳ ನಟ್ಟನಡುವೆ ಇರುವ ಕಪ್ಪುಕುಳಿಗಳು ಏನಾಗುತ್ತವೆ ಎಂದು. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದನಂತೆ. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಮುಂದಿನ ತರಗತಿಯಲ್ಲಿ ಹೇಳುತ್ತೇನೆ ಎಂದೆ. ಹುಡುಕುತ್ತ ಹೋದಾಗ ಸಿಕ್ಕ ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಬಿಎಸ್ಸಿಯಲ್ಲಿ ಚಂದ್ರಶೇಖರ್ ಮಿತಿಯನ್ನು ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ಅವರ ಇನ್ನೊಂದು ಕೆಲಸ ನನಗೆ ಗೊತ್ತೇ ಇರಲಿಲ್ಲ.

ಚಂದ್ರಶೇಖರ್ ಹುಟ್ಟಿದ್ದು 1910ರ ಅಕ್ಟೋಬರ್ 19ರಂದು ಲಾಹೋರಿನಲ್ಲಿ. ತಂದೆ ರೈಲ್ವೆಯ ಲೆಕ್ಕಪತ್ರ ಇಲಾಖೆಯ ಅಧಿಕಾರಿ. ತಾಯಿ ಸೀತಾಲಕ್ಷ್ಮಿ ಇಬ್ಸೆನ್ನನ ನಾಟಕವನ್ನು ತಮಿಳಿಗೆ ತಂದವರು. ಸರ್ ಸಿ. ವಿ. ರಾಮನ್ ಇವರ ಚಿಕ್ಕಪ್ಪ. ಹನ್ನೆರಡು ವರ್ಷದವರೆಗೆ ಮನೆಯಲ್ಲೇ ಪಾಠ, ಆಮೇಲೆ ಮದರಾಸಿನ ಹಿಂದೂ ಹೈಸ್ಕೂಲು, ಪ್ರೆಸಿಡೆನ್ಸಿ ಕಾಲೇಜು. 1930ರಲ್ಲಿ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ಗೆ ಹೊರಟಾಗ ತಾಯಿ ಕಾಯಿಲೆಯಲ್ಲಿದ್ದರು. ಹೋಗಲೇಬೇಕು ಎಂದು ಹಟ ಹಿಡಿದವರೂ ಅವರೇ. ಮರುವರ್ಷ ತೀರಿಕೊಂಡರು. ಮಗ ಆಗ ಸಮುದ್ರದಾಚೆ ಇದ್ದ.

ಹಡಗಿನ ಪ್ರಯಾಣದಲ್ಲಿ, ಇನ್ನೂ ಇಪ್ಪತ್ತು ತುಂಬದ ಆ ಹುಡುಗ ಶ್ವೇತಕುಬ್ಜ ನಕ್ಷತ್ರಗಳ ಲೆಕ್ಕ ಮಾಡುತ್ತ ಕುಳಿತಿದ್ದ. ಉರಿದು ಮುಗಿದ ನಕ್ಷತ್ರ ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾಗಿದ್ದರೆ ಶ್ವೇತಕುಬ್ಜವಾಗಿ ನಿಲ್ಲಲಾರದು, ಇನ್ನೂ ಕುಸಿಯುತ್ತದೆ ಎಂಬ ದಾರಿಗೆ ಆ ಲೆಕ್ಕ ಒಯ್ದಿತು. ಇದನ್ನು ಪೂರ್ಣವಾಗಿ ಬೆಳೆಸಿ 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯಲ್ಲಿ ಓದಿದರು. ಅವರ ನಂತರ ಎದ್ದವರು ಆ ಕಾಲದ ದೊಡ್ಡ ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್. ತಿಂಗಳುಗಟ್ಟಲೆ ಚಂದ್ರಶೇಖರ್ ಅವರ ಕೋಣೆಗೆ ಬಂದು ಕೆಲಸ ಎಲ್ಲಿಯವರೆಗೆ ಬಂತೆಂದು ವಿಚಾರಿಸುತ್ತಿದ್ದವರು. ಅವರೇ ಸಭೆಯ ಮುಂದೆ ಇದೆಲ್ಲ ಅಸಂಬದ್ಧ ಎಂದು ತಳ್ಳಿಹಾಕಿದರು. ಸಭೆ ನಕ್ಕಿತು. ಎಡಿಂಗ್ಟನ್ ಹೇಳಿದ್ದು ತಪ್ಪೆಂದು ಬಲ್ಲ ದೊಡ್ಡ ಭೌತವಿಜ್ಞಾನಿಗಳೂ ಬಹಿರಂಗವಾಗಿ ಬಾಯಿ ಬಿಡಲಿಲ್ಲ.

ಈ ಭಾಗ ಓದುವಾಗ ನಾನು ಪುಸ್ತಕ ಮುಚ್ಚಿಟ್ಟೆ. ಪಿಯುಸಿಯಲ್ಲಿ ನಾನು ಕೇಳಿದ ಒಂದು ಪ್ರಶ್ನೆಗೆ ಇಡೀ ತರಗತಿ ನಕ್ಕಿತ್ತು, ಪಾಠ ಮಾಡುತ್ತಿದ್ದವರೂ ನಕ್ಕಿದ್ದರು. ಆ ವರ್ಷವೆಲ್ಲ ನಾನು ಮತ್ತೆ ಕೈ ಎತ್ತಲಿಲ್ಲ. ಚಂದ್ರಶೇಖರ್ ಮಾಡಿದ್ದು ಬೇರೆ. ಜಗಳ ಮುಂದುವರಿಸದೆ, ತಮ್ಮ ಸಿದ್ಧಾಂತವನ್ನು 1939ರಲ್ಲಿ ಒಂದು ಪುಸ್ತಕವಾಗಿ ಮುಗಿಸಿಟ್ಟು, ಇನ್ನೊಂದು ವಿಷಯಕ್ಕೆ ಕೈ ಹಾಕಿದರು. ಎಡಿಂಗ್ಟನ್ ಮೇಲಿನ ಗೌರವವನ್ನೂ ಬಿಡಲಿಲ್ಲ. ಅದು ಹೇಗೆ ಸಾಧ್ಯವಾಯಿತೋ ನನಗಂತೂ ಪೂರ್ತಿ ಅರ್ಥವಾಗಿಲ್ಲ.

ಅಷ್ಟರಲ್ಲಿ 1936ರಲ್ಲಿ ಲಲಿತಾ ಅವರೊಂದಿಗೆ ಮದುವೆಯಾಗಿತ್ತು. ಅವರೂ ಭೌತಶಾಸ್ತ್ರ ಓದಿದವರು, ಬೆಂಗಳೂರಿನಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. 1937ರಲ್ಲಿ ದಂಪತಿಗಳು ಅಮೆರಿಕಕ್ಕೆ ಹೋದರು. ಷಿಕಾಗೋ ವಿಶ್ವವಿದ್ಯಾಲಯದ ಯರ್ಕೀಸ್ ವೀಕ್ಷಣಾಲಯ ಅವರ ಕೆಲಸದ ಜಾಗವಾಯಿತು.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇದ್ದದ್ದು ಅಲ್ಲಿಂದ 1943ರಲ್ಲಿ ಪ್ರಕಟವಾದ ಲೇಖನಗಳಲ್ಲಿ. ಗೆಲಾಕ್ಸಿಗಳು ಡಿಕ್ಕಿಯಾದರೂ ನಕ್ಷತ್ರಕ್ಕೆ ನಕ್ಷತ್ರ ಬಡಿಯುವುದು ಇಲ್ಲವೆಂದೇ ಹೇಳಬೇಕು. ಸೂರ್ಯನನ್ನು ಒಂದು ಜೋಳದ ಕಾಳು ಎಂದುಕೊಂಡು ಹುಣಸಗಿಯಲ್ಲಿ ಇಟ್ಟರೆ, ಅದಕ್ಕೆ ಹತ್ತಿರದ ಇನ್ನೊಂದು ಕಾಳು ಕಲಬುರಗಿಯ ಆಸುಪಾಸಿನಲ್ಲಿ ಬರುತ್ತದೆ. ಹಾಗಿದ್ದರೆ ಒಂದರೊಳಗೆ ಇನ್ನೊಂದು ನುಗ್ಗಿ ಸುಮ್ಮನೆ ಆಚೆ ಹೋಗಬೇಕಲ್ಲ? ಹಾಗಾಗುವುದಿಲ್ಲ. ಭಾರವಾದ ಒಂದು ಕಾಯ ನಕ್ಷತ್ರಗಳ ನಡುವೆ ಸಾಗುವಾಗ ಅವುಗಳನ್ನು ತನ್ನತ್ತ ಎಳೆಯುತ್ತದೆ. ಅವು ಹತ್ತಿರ ಬರುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ. ಹೀಗಾಗಿ ಅದರ ಬೆನ್ನ ಹಿಂದೆ ನಕ್ಷತ್ರಗಳ ದಟ್ಟಣೆ ಉಂಟಾಗಿ, ಆ ದಟ್ಟಣೆಯ ಗುರುತ್ವ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಮುಟ್ಟದೆಯೇ ಆಗುವ ಘರ್ಷಣೆ ಇದು, ಡೈನಾಮಿಕಲ್ ಫ್ರಿಕ್ಷನ್ ಎಂದು ಇದರ ಹೆಸರು. ಜಾತ್ರೆಯಲ್ಲಿ ಪಲ್ಲಕ್ಕಿ ಸಾಗುವಾಗ ಹಿಂದೆ ಜನ ಮುತ್ತಿಕೊಂಡು ಅದರ ವೇಗ ಇಳಿಯುವುದನ್ನು ಮಕ್ಕಳಿಗೆ ಹೇಳಬಹುದು. ಆದರೆ ಪಲ್ಲಕ್ಕಿಗೆ ಮುಂದೆಯೂ ಜನ ಅಡ್ಡ ಬರುತ್ತಾರೆ, ಆದ್ದರಿಂದ ಉದಾಹರಣೆ ಅರ್ಧ ಮಾತ್ರ ಸರಿ.

ಕಾಯ ಭಾರವಾದಷ್ಟೂ ಈ ಜಗ್ಗಾಟ ಹೆಚ್ಚು. ಚಂದ್ರಶೇಖರ್ ಲೆಕ್ಕ ಮಾಡಿದ್ದು ನಕ್ಷತ್ರಗುಚ್ಛಗಳೊಳಗಿನ ನಕ್ಷತ್ರಗಳಿಗಾಗಿ. ಗೆಲಾಕ್ಸಿಗಳ ನಡುವೆ ಕಪ್ಪುಕುಳಿ ಕೂತಿರುತ್ತದೆ ಎಂಬ ಮಾತೇ ಆಗ ಇರಲಿಲ್ಲ. ಈಗ ನೋಡಿದರೆ ನಮ್ಮ ಆಕಾಶಗಂಗೆಯ ನಡುವೆ ಸೂರ್ಯನ 40 ಲಕ್ಷ ಪಟ್ಟು ಭಾರದ್ದು ಒಂದಿದೆ. ಬೇರೆ ಕೆಲವೆಡೆ ನೂರಾರು ಕೋಟಿ ಪಟ್ಟು ಭಾರದವೂ ಇವೆ. ಇಂಥವೆರಡು, ಗೆಲಾಕ್ಸಿಗಳು ಕೂಡಿಕೊಂಡ ಮೇಲೆ ಇದೇ ಘರ್ಷಣೆಯಿಂದ ವೇಗ ಕಳೆದುಕೊಂಡು ಕೋಟ್ಯಂತರ ವರ್ಷಗಳಲ್ಲಿ ನಡುಮಧ್ಯಕ್ಕೆ ಇಳಿದು, ಒಂದನ್ನೊಂದು ಸುತ್ತತೊಡಗುತ್ತವೆ. ತೀರ ಹತ್ತಿರವಾದ ಮೇಲೆ ಗುರುತ್ವ ಅಲೆಗಳ ರೂಪದಲ್ಲಿ ಶಕ್ತಿ ಕಳೆದುಕೊಂಡು ಒಂದಾಗುತ್ತವೆ. ಒಂದಾದ ಕಪ್ಪುಕುಳಿ ಬಾರಿಸಿದ ಗಂಟೆಯಂತೆ ಕಂಪಿಸಿ ಸುಮ್ಮನಾಗುತ್ತದೆ. ಕೆದಕಿದ ಕಪ್ಪುಕುಳಿ ಹೀಗೆ ಕಂಪಿಸುವುದನ್ನು 1970ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ. ಐದು ವರ್ಷದ ನಂತರ ಆ ಕಂಪನಗಳ ಆವೃತ್ತಿಗಳನ್ನು ಲೆಕ್ಕ ಹಾಕಿದವರಲ್ಲಿ ಚಂದ್ರಶೇಖರ್ ಇದ್ದರು. ಅರವತ್ತು ದಾಟಿದ ಮೇಲೆ ಮತ್ತೆ ಕುಸಿದ ನಕ್ಷತ್ರಗಳ ಕಡೆಗೇ ಬಂದಿದ್ದರು.

ಅವರ ಬೋಧನೆಯ ಬಗ್ಗೆಯೂ ಹೇಳಬೇಕು. ಯರ್ಕೀಸಿನಿಂದ ಸುಮಾರು 130 ಕಿ.ಮೀ. ಕಾರು ಓಡಿಸಿಕೊಂಡು ಷಿಕಾಗೋಗೆ ಬಂದು ಪಾಠ ಮಾಡುತ್ತಿದ್ದರು. ಒಂದು ತರಗತಿಯಲ್ಲಿ ಇದ್ದವರು ಇಬ್ಬರೇ, ಲೀ ಮತ್ತು ಯಾಂಗ್. 1957ರಲ್ಲಿ ಆ ಇಬ್ಬರಿಗೂ ನೊಬೆಲ್ ಬಂತು. ಗುರುವಿಗೆ ಬಂದದ್ದು 1983ರಲ್ಲಿ. ಹಾಜರಾತಿ ಕಡಿಮೆ ಎಂದು ಪಾಠ ಮುಂದಕ್ಕೆ ಹಾಕುವ ನಾವು ಇದನ್ನು ನೆನಪಿಡಬೇಕು.

1995ರ ಆಗಸ್ಟ್ 21ರಂದು ಷಿಕಾಗೋದಲ್ಲಿ ತೀರಿಕೊಂಡರು. 1999ರಲ್ಲಿ ನಾಸಾ ಹಾರಿಸಿದ ಎಕ್ಸ್-ರೇ ದೂರದರ್ಶಕಕ್ಕೆ ಚಂದ್ರ ಎಂದು ಅವರದೇ ಹೆಸರು. 2002ರಲ್ಲಿ ಅದು ಎನ್‌ಜಿಸಿ 6240 ಎಂಬ ಗೆಲಾಕ್ಸಿಯ ನಡುವೆ ಎರಡು ದೈತ್ಯ ಕಪ್ಪುಕುಳಿಗಳಿರುವುದನ್ನು ತೋರಿಸಿತು. ಅವುಗಳ ನಡುವೆ ಸುಮಾರು 3,000 ಜ್ಯೋತಿರ್ವರ್ಷ ಅಂತರ, ಇನ್ನೂ ಇಳಿಯುತ್ತಲೇ ಇವೆ. 2021ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಎನ್‌ಜಿಸಿ 7733, 7734 ಎಂಬ ಜೋಡಿಯಲ್ಲಿ ಮೂರನೆಯ ಗೆಲಾಕ್ಸಿಯನ್ನು ಗುರುತಿಸಿದರು. ಮೂರರ ನಡುವೆಯೂ ಒಂದೊಂದು ಸಕ್ರಿಯ ಕಪ್ಪುಕುಳಿ ಇದೆ.

ಮುಂದಿನ ತರಗತಿಯಲ್ಲಿ ಇಷ್ಟನ್ನೂ ಹೇಳಿದೆ. ನಮಗೆ 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿಯ ಬೆಳಕು ಅರ್ಧ ದಾರಿಗೆ ಬಂದಾಗ, ಇಲ್ಲೇ ಪಕ್ಕದ ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಕೊಡಲಿ ಮಾಡುತ್ತಿದ್ದರು ಎಂದಾಗ ತರಗತಿ ಗುಜುಗುಜು ಎಂದಿತು. ಹುಡುಗ ಮತ್ತೆ ಎದ್ದ. ಮೂರರಲ್ಲಿ ಎರಡು ಮೊದಲು ಕೂಡಿಕೊಂಡರೆ ಮೂರನೆಯದರ ಗತಿ ಏನು ಎಂದು ಕೇಳಿದ. ಒಂದಿಬ್ಬರು ಕಿಸಕ್ಕೆಂದರು. ಅವರನ್ನು ಸುಮ್ಮನಿರಿಸಿ, ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಅವನ ಹೆಸರಿನ ಸಮೇತ ಬರೆದೆ.