ಹಾಫ್‌ಕಿನ್ ಬದುಕು ಮತ್ತು ಟ್ರಯಲ್‌ಗೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಉತ್ತರ ಬೆಂಗಳೂರಿನಲ್ಲಿ ಇರೋರಿಗೆ ಕ್ಲಿನಿಕಲ್ ಟ್ರಯಲ್ ಅನ್ನೋದು ದೂರದ ಮಾತಲ್ಲ. ಯಶವಂತಪುರದ ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಮತ್ತಿಕೆರೆ ಬಳಿ ರಾಮಯ್ಯ ಮೆಡಿಕಲ್ ಕಾಲೇಜು ಇದೆ. ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಹೆಬ್ಬಾಳದಿಂದ ಯಲಹಂಕದವರೆಗೆ ದೊಡ್ಡ ಆಸ್ಪತ್ರೆಗಳಿವೆ. ಇಷ್ಟೆಲ್ಲ ಇರುವ ಕಡೆ ಹೊಸ ಔಷಧಿ, ಹೊಸ ಚಿಕಿತ್ಸೆಯ ಅಧ್ಯಯನಕ್ಕೆ ರೋಗಿಗಳನ್ನು ಸೇರಿಸಿಕೊಳ್ಳೋದೂ ಸಹಜ.

ಆರ್.ಟಿ. ನಗರದ ನನ್ನ ಗೆಳೆಯರ ನಡುವೆ ಈ ಮಾತು ಬಂದಾಗಲೆಲ್ಲ ಎರಡು ಉತ್ತರ ಸಿಗುತ್ತವೆ. ನಮ್ಮನ್ನು ಗಿನಿಪಿಗ್ ಮಾಡ್ತಾರೆ, ಸೇರಲೇಬಾರದು ಅನ್ನೋದು ಒಂದು. ಡಾಕ್ಟರು ಹೇಳಿದ ಮೇಲೆ ಮುಗೀತು, ಸಹಿ ಹಾಕಿ ಅನ್ನೋದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳೋಕೆ ವಾಲ್ಡೆಮಾರ್ ಹಾಫ್‌ಕಿನ್ ಅನ್ನುವ ಮನುಷ್ಯನ ಬದುಕು ಬೇಕು. ಮುಂಬೈನ ಹಾಫ್‌ಕಿನ್ ಸಂಸ್ಥೆಯ ಹೆಸರು ಕೋವಿಡ್ ಲಸಿಕೆಯ ಕಾಲದಲ್ಲಿ ಸುದ್ದಿಯಲ್ಲಿತ್ತು. ಆ ಹೆಸರಿನ ಹಿಂದಿದ್ದ ಮನುಷ್ಯನ ಲಸಿಕೆ ಹುಬ್ಬಳ್ಳಿಗೂ ಬಂದಿತ್ತು.

ಜೈಲು ಕಂಡ ವಿದ್ಯಾರ್ಥಿ

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಒಡೆಸ್ಸಾದ ಯಹೂದಿ ಕುಟುಂಬವೊಂದರಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದುವಾಗ ಗುರು ಇಲ್ಯಾ ಮೆಚ್ನಿಕಾಫ್. ಹುಡುಗ ಓದಿಗಷ್ಟೇ ಅಂಟಿಕೊಂಡವನಲ್ಲ. ಝಾರ್ ಆಡಳಿತದ ವಿರುದ್ಧದ ವಿದ್ಯಾರ್ಥಿ ರಾಜಕೀಯದಲ್ಲಿದ್ದ, ಯಹೂದಿಗಳ ಮೇಲೆ ದಾಳಿ ನಡೆದಾಗ ಆತ್ಮರಕ್ಷಣೆಯ ಗುಂಪಿಗೆ ಸೇರಿದ, ಬಂಧನಕ್ಕೊಳಗಾಗಿ ಜೈಲಿಗೂ ಹೋಗಿ ಬಂದ. ಮತಾಂತರವಾದರೆ ವಿಶ್ವವಿದ್ಯಾಲಯದಲ್ಲಿ ಮೇಲೇರಬಹುದಿತ್ತು. ಒಪ್ಪಲಿಲ್ಲ.

1888ರಲ್ಲಿ ಜಿನೀವಾಕ್ಕೆ ಹೋದ. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು, ಆದರೆ ಗ್ರಂಥಪಾಲಕನಾಗಿ. ಪುಸ್ತಕ ಜೋಡಿಸುತ್ತಲೇ ಬಿಡುವಿನಲ್ಲಿ ಪ್ರಯೋಗಾಲಯಕ್ಕೆ ಹೋಗಿ ಕಾಲರಾ ಲಸಿಕೆ ತಯಾರಿಸಿದ. 1892ರ ಜುಲೈನಲ್ಲಿ ಅದನ್ನು ಮೊದಲು ಚುಚ್ಚಿಕೊಂಡಿದ್ದು ತನಗೇ.

ಇದನ್ನು ನಾವು ಧೈರ್ಯ ಅಂತ ಹೊಗಳಿ ಮುಂದೆ ಹೋಗಿಬಿಡ್ತೀವಿ. ಆದರೆ ತಾನೇ ಚುಚ್ಚಿಕೊಂಡು ಬದುಕಿದ್ದರಿಂದ ಗೊತ್ತಾಗೋದು ಒಂದೇ: ಈ ಪ್ರಮಾಣದಲ್ಲಿ ಇದು ಈ ಒಬ್ಬ ಮನುಷ್ಯನನ್ನು ಕೊಲ್ಲಲಿಲ್ಲ. ಲಸಿಕೆ ಕಾಲರಾ ತಡೆಯುತ್ತದೆಯೇ ಅನ್ನೋದಕ್ಕೆ ಕಾಲರಾ ಇರುವ ಊರು ಬೇಕು, ಸಾವಿರಾರು ಜನ ಬೇಕು. 1893ರಲ್ಲಿ ಆತ ಕಲ್ಕತ್ತಾಕ್ಕೆ ಬಂದ.

ಕಲ್ಕತ್ತಾದ ಬಸ್ತಿ

ಸೂಜಿ ಹಿಡಿದ ಬಿಳಿಯನನ್ನು ನಂಬೋದು ಯಾಕೆ? ಜನರ ಅನುಮಾನದಲ್ಲಿ ತಪ್ಪೇನಿರಲಿಲ್ಲ. ಹಾಫ್‌ಕಿನ್ ಚೌಧುರಿ, ಘೋಷ್, ಚಟರ್ಜಿ, ದತ್ತ ಎಂಬ ಭಾರತೀಯ ವೈದ್ಯರನ್ನು ಜೊತೆಗಿಟ್ಟುಕೊಂಡ, ಜನರ ಕಣ್ಣೆದುರೇ ತಾನು ಚುಚ್ಚಿಸಿಕೊಂಡ.

1894ರ ಮಾರ್ಚ್‌ನಲ್ಲಿ ಕಟ್ಟಲ್ ಬಗಾನ್ ಎಂಬ ಬಸ್ತಿಯಲ್ಲಿ ಕಾಲರಾ ಬಂತು. ಅಲ್ಲಿದ್ದ ಸುಮಾರು 200 ಜನರಲ್ಲಿ 116 ಜನ ಲಸಿಕೆ ಹಾಕಿಸಿಕೊಂಡರು. ನಂತರ 10 ಜನರಿಗೆ ಕಾಲರಾ ತಗುಲಿ 7 ಜನ ಸತ್ತರು. ಹತ್ತೂ ಜನ ಲಸಿಕೆ ಹಾಕಿಸಿಕೊಳ್ಳದವರು.

ಇವತ್ತಿನ ಟ್ರಯಲ್‌ನ ತಿರುಳು ಇಲ್ಲೇ ಇದೆ. ಔಷಧಿ ತಗೊಂಡವರು ಚೆನ್ನಾಗಿದ್ದಾರೆ ಅನ್ನೋದು ಸಾಕ್ಷಿ ಅಲ್ಲ. ತಗೊಳ್ಳದವರು ಏನಾದರು ಅನ್ನೋದನ್ನೂ ಎಣಿಸಬೇಕು. ಈ ಎರಡನೇ ಗುಂಪನ್ನು ಕಂಟ್ರೋಲ್ ಗುಂಪು ಅಂತಾರೆ. ಇಂದು ಯಾರು ಯಾವ ಗುಂಪಿಗೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡ್ತಾರೆ. ಹಾಫ್‌ಕಿನ್ ಕಾಲದಲ್ಲಿ ಆ ಪದ್ಧತಿ ನೆಲೆಯೂರಿರಲಿಲ್ಲ. ಮುಂದೆ ಬಂದವರಿಗೆ ಲಸಿಕೆ, ಹಿಂದೆ ಉಳಿದವರು ಹೋಲಿಕೆಗೆ, ಅಷ್ಟೇ. ಮುಂದೆ ಬಂದವರು ಮೊದಲೇ ಹೆಚ್ಚು ಆರೋಗ್ಯವಂತರೋ, ಒಳ್ಳೆ ನೀರು ಕುಡಿಯುವವರೋ ಆಗಿದ್ದರೆ ಲೆಕ್ಕ ತಪ್ಪುತ್ತದೆ.

ಬೈಕಲಾ ಜೈಲು, ಉಂಧೇರಾ ಹಳ್ಳಿ

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಸರ್ಕಾರ ಹಾಫ್‌ಕಿನ್‌ನನ್ನು ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆ, ಒಂದು ಓಣಿ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟರಲ್ಲೇ ಮೂರು ತಿಂಗಳಲ್ಲಿ ಲಸಿಕೆ ತಯಾರಾಯಿತು. 1897ರ ಜನವರಿ 10ರಂದು ಮತ್ತೆ ತನಗೇ ಚುಚ್ಚಿಕೊಂಡ.

ಅದೇ ತಿಂಗಳು ಬೈಕಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಮುನ್ನೂರಕ್ಕೂ ಹೆಚ್ಚು ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ಲಸಿಕೆಗೆ ಮುಂದೆ ಬಂದರು. ಹಾಕಿಸಿಕೊಳ್ಳದವರಲ್ಲಿ 12 ಜನರಿಗೆ ರೋಗ ಬಂತು, 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ 2 ಜನರಿಗೆ ರೋಗ ಬಂತು, ಸಾವಿಲ್ಲ. ಒಂದೇ ಊಟ, ಒಂದೇ ಗೋಡೆ, ಒಂದೇ ಗಾಳಿ. ಹೋಲಿಕೆಗೆ ಇದಕ್ಕಿಂತ ಅನುಕೂಲದ ಜಾಗ ಇರಲಿಲ್ಲ.

ಆದರೆ ಕೈದಿಯ ಒಪ್ಪಿಗೆ ಎಷ್ಟು ಸ್ವಂತದ್ದು? ಬಲವಂತ ಮಾಡಲಿಲ್ಲ, ಸ್ವಯಂಪ್ರೇರಿತರು ಅಂತ ದಾಖಲೆ ಹೇಳುತ್ತದೆ. ಅದು ನಿಜವೇ ಇರಬಹುದು. ಆದರೂ ಬೀಗದೊಳಗೆ ಇರುವವನಿಗೆ ಪ್ಲೇಗಿನಿಂದ ಓಡಿಹೋಗುವ ಆಯ್ಕೆ ಇರಲಿಲ್ಲ. ಇಂದಿನ ನಿಯಮಗಳಲ್ಲಿ ಕೈದಿಗಳನ್ನು ವಿಶೇಷ ರಕ್ಷಣೆ ಬೇಕಾದವರ ಸಾಲಿಗೆ ಸೇರಿಸಿರೋದು ಇದಕ್ಕೇ.

1898ರ ಫೆಬ್ರವರಿಯಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಹಳ್ಳಿಯಲ್ಲಿ ಇನ್ನೂ ಬಿಗಿಯಾದ ಹೋಲಿಕೆ ನಡೆಯಿತು. ಪ್ರತಿ ಮನೆಯಲ್ಲೂ ಸರಿಸುಮಾರು ಅರ್ಧ ಜನರಿಗೆ ಲಸಿಕೆ, ಉಳಿದರ್ಧಕ್ಕೆ ಇಲ್ಲ. ಪ್ಲೇಗ್ ಹೊಕ್ಕ ಮನೆಗಳಲ್ಲಿ ಲಸಿಕೆಯಿಲ್ಲದ 64 ಜನರಲ್ಲಿ 27 ಜನರಿಗೆ ರೋಗ ಬಂದು 26 ಜನ ಸತ್ತರು. ಲಸಿಕೆ ಪಡೆದ 71 ಜನರಲ್ಲಿ 8 ಜನರಿಗೆ ರೋಗ, 3 ಸಾವು. ವಿಜ್ಞಾನದ ಕಣ್ಣಿಗೆ ಸ್ಪಷ್ಟ ಉತ್ತರ. ಮನೆಯ ಕಣ್ಣಿಗೆ? ಅಣ್ಣ ಉಳಿದ, ತಮ್ಮ ಹೋದ. ಈ ಅಂಕಿಗಳನ್ನು ಓದುವಾಗ ನನಗೆ ಆ 26 ಜನರ ಋಣದಲ್ಲಿ ನಾವೆಲ್ಲ ಇದ್ದೀವಿ ಅನ್ನಿಸುತ್ತದೆ.

ಹುಬ್ಬಳ್ಳಿ, ಆಮೇಲೆ ಬೆಂಗಳೂರು

1898ರಲ್ಲಿ ಪ್ಲೇಗ್ ನಮ್ಮ ಕಡೆ ಬಂತು. ರೈಲ್ವೆ ಕಾರ್ಯಾಗಾರದ ಊರಾದ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸೇನಾ ವೈದ್ಯ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಸುಮಾರು 38 ಸಾವಿರ ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಿದ. ಊರಿನ ಬಹುಪಾಲು ಜನ ಅಂದರೂ ಸರಿಯೇ.

ಇದೂ ಒಪ್ಪಿಗೆಯ ಮೇಲೆ ನಡೆದದ್ದೇ. ಆದರೆ ಆಗಿನ ಸ್ಥಿತಿ ನೋಡಿ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದಿತ್ತು. ಮನೆ ನುಗ್ಗಿ ತಪಾಸಣೆ, ಶಿಬಿರಕ್ಕೆ ಸಾಗಾಟ, ಪ್ರಯಾಣಿಕರ ತಡೆ. ಈ ದಬ್ಬಾಳಿಕೆಯ ಸಿಟ್ಟಿನಲ್ಲೇ ಪುಣೆಯಲ್ಲಿ ಚಾಪೇಕರ್ ಸೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹೊಡೆದದ್ದು. ಮುಂಬೈ ಪ್ರಾಂತ್ಯದಲ್ಲಿ ಲಸಿಕೆ ಹಾಕಿಸಿಕೊಂಡವರಿಗೆ ಸರ್ಟಿಫಿಕೇಟ್ ಕೊಟ್ಟು ಕೆಲವು ನಿರ್ಬಂಧಗಳಿಂದ ವಿನಾಯಿತಿ ಕೊಡ್ತಿದ್ದರು. ಲಸಿಕೆ ಕಡ್ಡಾಯವಲ್ಲ, ಬೇಡ ಅಂದರೆ ಮಾತ್ರ ಬದುಕು ಕಷ್ಟ. ಕೋವಿಡ್ ಕಾಲದ ಮಾಲ್ ಬಾಗಿಲು, ರೈಲು ಟಿಕೆಟ್ ನೆನಪಿರೋರಿಗೆ ಇದನ್ನು ವಿವರಿಸಬೇಕಿಲ್ಲ.

ಆಗಸ್ಟ್‌ನಲ್ಲಿ ರೈಲು ಹಾದಿ ಹಿಡಿದು ಪ್ಲೇಗ್ ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು, ಪ್ಲೇಗಮ್ಮನ ಗುಡಿಗಳು ಎದ್ದದ್ದು ಆ ಭಯದಲ್ಲೇ.

ಸರ್ಕಾರ ನೇಮಿಸಿದ ಪ್ಲೇಗ್ ಆಯೋಗ ಎಲ್ಲ ಅಂಕಿಗಳನ್ನು ಜಾಲಾಡಿತು. ಲಸಿಕೆ ರೋಗವನ್ನೂ ಸಾವನ್ನೂ ತಗ್ಗಿಸುತ್ತದೆ ಅಂತ ಒಪ್ಪಿತು. ಜೊತೆಗೇ, ಲೆಕ್ಕ ಇಟ್ಟ ರೀತಿಯಲ್ಲಿ, ಲಸಿಕೆಯ ಗುಣಮಟ್ಟ ಅಳೆಯೋದರಲ್ಲಿ ಕೊರತೆಗಳಿವೆ ಅಂತಲೂ ಹೇಳಿತು. ಒಳ್ಳೆಯ ಔಷಧಿಗೂ ಇಂಥ ಕಟ್ಟುನಿಟ್ಟಿನ ವಿಮರ್ಶೆ ಬೇಕು.

ಮುಲ್ಕೋವಾಲ್‌ನ 19 ಸಾವು

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಸರ್ಕಾರದ ಬೆರಳು ಹಾಫ್‌ಕಿನ್ ಕಡೆ ತಿರುಗಿತು. ಬೇಗ ಬೇಗ ಲಸಿಕೆ ತಯಾರಿಸಲು ಆತ ಕಾರ್ಬಾಲಿಕ್ ಆಮ್ಲ ಬಿಟ್ಟು ಬಿಸಿ ಮಾಡುವ ವಿಧಾನ ಬಳಸಿದ್ದ. ತಪ್ಪು ಅಲ್ಲೇ ಆಗಿದೆ ಎಂದರು. ಹುದ್ದೆಯಿಂದ ಅಮಾನತು, ಸಂಬಳವೂ ಇಲ್ಲ.

ಆದರೆ ದಾಖಲೆಗಳು ಬೇರೆ ಕತೆ ಹೇಳಿದವು. ಹಳ್ಳಿಯಲ್ಲಿ ಆ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಮಾಡದೆ ಅದರಲ್ಲೇ ಬಿರಡೆ ತೆಗೆದಿದ್ದ. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಸೇರಿದಂತೆ 10 ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್‌ಕಿನ್ ಪರ ನಿಂತರು. ಅದೇ ವರ್ಷ ಆತ ದೋಷಮುಕ್ತನಾದ. ಯಹೂದಿ ಎಂಬ ಕಾರಣಕ್ಕೇ ಬಲಿಪಶು ಮಾಡಿದರು ಅನ್ನುವವರು ಇದನ್ನು ಪುಟ್ಟ ಡ್ರೈಫಸ್ ಪ್ರಕರಣ ಅಂತ ಕರೆದರು.

ಕಲ್ಕತ್ತಾಕ್ಕೆ ವಾಪಸ್ ಬಂದ. ಆದರೆ ಮೊದಲಿನ ಜಾಗ, ಮೊದಲಿನ ಕೆಲಸ ಸಿಗಲಿಲ್ಲ. ನಿವೃತ್ತನಾಗಿ ಯುರೋಪಿಗೆ ಹೋಗಿ 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡ. ಮುಂಬೈನ ಪ್ರಯೋಗಾಲಯಕ್ಕೆ 1925ರಲ್ಲೇ ಆತನ ಹೆಸರಿಟ್ಟಿದ್ದರು. 1964ರಲ್ಲಿ ಭಾರತ ಅಂಚೆಚೀಟಿ ತಂದಿತು.

ಹಾಫ್‌ಕಿನ್‌ಗೆ ತಡವಾಗಿಯಾದರೂ ನ್ಯಾಯ ಸಿಕ್ಕಿತು. ಈ ಕತೆಯಲ್ಲಿ ಮುಲ್ಕೋವಾಲ್‌ನ ಆ 19 ಜನರ ಹೆಸರುಗಳು ಮಾತ್ರ ಎಲ್ಲೂ ಬರಲ್ಲ.

ಈಗ ನಮ್ಮ ಕೈಯಲ್ಲಿ ಏನಿದೆ

ಆ ಕಾಲಕ್ಕೆ ಇಲ್ಲದ್ದು ಈಗ ಇದೆ. ಯಾರೂ ದಾನವಾಗಿ ಕೊಟ್ಟಿದ್ದಲ್ಲ. 2009-10ರಲ್ಲಿ ಖಮ್ಮಂ ಮತ್ತು ವಡೋದರಾ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಟ್ಟ ಅಧ್ಯಯನದಲ್ಲಿ ಕೆಲವು ಬಾಲಕಿಯರ ಸಾವು ಸುದ್ದಿಯಾಯಿತು. ಸಾವಿಗೆ ಲಸಿಕೆ ಕಾರಣವಲ್ಲ ಅಂತ ತನಿಖೆ ಹೇಳಿತು. ಆದರೆ ಪೋಷಕರ ಬದಲು ಹಾಸ್ಟೆಲ್ ವಾರ್ಡನ್‌ಗಳು, ಹೆಡ್‌ಮಾಸ್ಟರ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಬಯಲಾಯಿತು. ಸಂಸದೀಯ ಸಮಿತಿ ಛೀಮಾರಿ ಹಾಕಿತು. ಆರೋಗ್ಯ ಹಕ್ಕಿನ ಸಂಘಟನೆಗಳು ಸುಪ್ರೀಂ ಕೋರ್ಟ್‌ವರೆಗೆ ಹೋದವು. ಇಂಥ ಒತ್ತಡದಿಂದ ನಿಯಮಗಳು ಬಿಗಿಯಾಗುತ್ತ ಬಂದು 2019ರಲ್ಲಿ ಹೊಸ ಔಷಧಿಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಾದವು.

ಅವುಗಳ ಸಾರ ಇಷ್ಟು. ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿಯೇ ಸಹಿ ಪಡೀಬೇಕು. ಸಹಿಯಾದ ಪತ್ರದ ಪ್ರತಿ ನಿಮಗೆ ಕೊಡಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ. ಹಾನಿಯಾದರೆ ಉಚಿತ ಚಿಕಿತ್ಸೆ, ಟ್ರಯಲ್‌ನಿಂದಲೇ ಅಂತಾದರೆ ಪರಿಹಾರ. ಎಥಿಕ್ಸ್ ಕಮಿಟಿಯ ಕನಿಷ್ಠ ಅರ್ಧ ಸದಸ್ಯರು ಆ ಸಂಸ್ಥೆಗೆ ಸೇರದ ಹೊರಗಿನವರಾಗಿರಬೇಕು. ಟ್ರಯಲ್ ಶುರುವಾಗುವ ಮುಂಚೆ ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿಯಲ್ಲಿ ದಾಖಲಾಗಿರಬೇಕು. 2009ರಿಂದ ಇದು ಕಡ್ಡಾಯ, ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹುಡುಕಿ ನೋಡಬಹುದು.

ವಿಶ್ವವಿದ್ಯಾಲಯಗಳ ಟ್ರಯಲ್ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧಿಯನ್ನು ಬೇರೆ ರೋಗಕ್ಕೋ ಬೇರೆ ಪ್ರಮಾಣದಲ್ಲೋ ಪರೀಕ್ಷಿಸುವ, ಮಾರಾಟದ ಉದ್ದೇಶವಿಲ್ಲದ ಅಕಾಡೆಮಿಕ್ ಟ್ರಯಲ್‌ಗೆ ಕೇಂದ್ರ ಔಷಧ ನಿಯಂತ್ರಕರ ಅನುಮತಿ ಬೇಕಿಲ್ಲ, ಎಥಿಕ್ಸ್ ಕಮಿಟಿ ಒಪ್ಪಿದರೆ ಸಾಕು. ಕಂಪನಿಗಳಿಗೆ ಲಾಭವಿಲ್ಲದ ಹಳೆಯ, ಅಗ್ಗದ ಔಷಧಿಗಳ ಮೇಲೆ ಸಂಶೋಧನೆ ಆಗಬೇಕಾದರೆ ಈ ದಾರಿ ಬೇಕೇ ಬೇಕು. ಆದರೆ ಅಲ್ಲಿ ಇಡೀ ಭಾರ ಆ ಒಂದು ಕಮಿಟಿಯ ಮೇಲೆ ಬೀಳುತ್ತದೆ. ಹಾನಿಯಾದರೆ ಖರ್ಚು ಯಾರದ್ದು ಅನ್ನೋದು ಪತ್ರದಲ್ಲಿ ಬರೆದಿದೆಯಾ ಅಂತ ಅಲ್ಲಿ ತಪ್ಪದೆ ಕೇಳಿ.

ಎಲ್ಲ ಅಧ್ಯಯನವೂ ಟ್ರಯಲ್ ಅಲ್ಲ ಅನ್ನೋದೂ ಗೊತ್ತಿರಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದಲ್ಲಿ ವಯಸ್ಸಾಗುವ ಮಿದುಳಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ನಡೆಸುತ್ತಿದೆ. ಅಲ್ಲಿ ಹೊಸ ಔಷಧಿ ಕೊಡಲ್ಲ, ಹಳ್ಳಿಯವರ ಆರೋಗ್ಯವನ್ನು ಕಾಲಕಾಲಕ್ಕೆ ಅಳೆದು ನೋಡ್ತಾರೆ. ಒಪ್ಪಿಗೆ ಅಲ್ಲೂ ಬೇಕು, ಅಪಾಯದ ಪ್ರಮಾಣ ಮಾತ್ರ ಬೇರೆ.

ಹಾಗಾಗಿ ನನ್ನ ನಿಲುವು ಇದು: ಟ್ರಯಲ್ ಬೇಡ ಅನ್ನೋದು ರಾಜಕೀಯ ಜಾಣತನ ಅಲ್ಲ. ಯಾರೂ ಸೇರದಿದ್ದರೆ ಹೊಸ ಔಷಧಿಗೆ ಪುರಾವೆಯೇ ಇರಲ್ಲ, ನಾವು ನುಂಗೋದೆಲ್ಲ ಲೆಕ್ಕವಿಲ್ಲದ ಪ್ರಯೋಗವೇ ಆಗುತ್ತದೆ. ಆದರೆ ಜನರಲ್ ವಾರ್ಡಿನವರೇ ಸೇರುತ್ತಾ, ಸ್ಪೆಷಲ್ ವಾರ್ಡಿನವರು ಫಲ ಉಣ್ಣುತ್ತಾ ಹೋದರೆ ನಾವು ಬೈಕಲಾ ಜೈಲಿನಿಂದ ಬಹಳ ದೂರ ಬಂದಿಲ್ಲ. ನಮ್ಮ ಏರಿಯಾದ ಮೆಡಿಕಲ್ ಕಾಲೇಜುಗಳ ಒಪ್ಪಿಗೆ ಪತ್ರ ಓದಿದರೆ ತಿಳಿಯುವ ಕನ್ನಡದಲ್ಲಿ ಇರಬೇಕು, ಜೊತೆಗೆ ತೆಲುಗು, ತಮಿಳು, ಉರ್ದು, ಹಿಂದಿಯಲ್ಲೂ ಇರಬೇಕು, ಯಾಕಂದ್ರೆ ಯಲಹಂಕದ ಕಟ್ಟಡ ಕೆಲಸದವರೂ ಇದೇ ಆಸ್ಪತ್ರೆಗಳಿಗೆ ಬರ್ತಾರೆ. ಫಲಿತಾಂಶ ಏನಾಯ್ತು ಅಂತ ಸೇರಿದವರಿಗೆ ತಿಳಿಸಬೇಕು, ಔಷಧಿ ಕೆಲಸ ಮಾಡದೇ ಹೋದರೂ ಸಹ. ವಿದ್ಯಾರ್ಥಿ ಸಂಘಟನೆಗಳು, ವಾರ್ಡ್ ಮಟ್ಟದ ಗುಂಪುಗಳು ಕೇಳಬಹುದಾದ ಬೇಡಿಕೆಗಳಿವು.

ಮನೆಯವರಿಗೆ ಯಾರಾದರೂ ಟ್ರಯಲ್ ಅಂತ ಹೇಳಿ ಪೆನ್ನು ಕೊಟ್ಟರೆ, ಮೊದಲು ಸಿಟಿಆರ್‌ಐ ನಂಬರ್ ಕೇಳಿ. ಆಮೇಲೆ ಪತ್ರವನ್ನು ಮನೆಗೆ ತಗೊಂಡು ಹೋಗಿ ಒಂದು ರಾತ್ರಿ ಓದೋಕೆ ಬಿಡ್ತೀರಾ ಅಂತ ಕೇಳಿ. ಬಿಡಲ್ಲ ಅಂದರೆ ಸಹಿ ಹಾಕಬೇಡಿ.