ಆಟಿಕೆಯ ಯಂತ್ರಶಿಲ್ಪಿ ಗುನ್‌ಪೇ ಯೋಕೊಯಿ

ಜಪಾನಿನ ಪ್ರಾಚೀನ ರಾಜಧಾನಿಯಾದ ಕ್ಯೋಟೋ ನಗರದಲ್ಲಿ 1889ರಲ್ಲಿ ಫುಸಾಜಿರೋ ಯಮೌಚಿ ಎಂಬಾತ ಒಂದು ಅಂಗಡಿಯನ್ನು ತೆರೆದ. ಹೂಗಳ ಚಿತ್ರವುಳ್ಳ ಹನಾಫುಡ ಎಂಬ ಜಪಾನೀ ಇಸ್ಪೀಟು ಎಲೆಗಳು ಅಲ್ಲಿ ತಯಾರಾಗುತ್ತಿದ್ದುವು. ಆ ಅಂಗಡಿಯೇ ಬೆಳೆದು ನಿಂಟೆಂಡೊ ಸಂಸ್ಥೆಯಾಯಿತು. ಎಲೆಗಳನ್ನು ಮಾಡುವ ಯಂತ್ರಗಳ ಉಸ್ತುವಾರಿಗೆಂದು 1965ರಲ್ಲಿ ಅಲ್ಲಿಗೆ ಸೇರಿದ ತರುಣನೇ ನಮ್ಮ ಕಥಾನಾಯಕ ಗುನ್‌ಪೇ ಯೋಕೊಯಿ.

ಆತ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಕ್ಯೋಟೋದಲ್ಲಿಯೇ. ಓದಿದ್ದು ಅದೇ ಊರಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ, ವಿದ್ಯುನ್ಮಾನ ಶಾಸ್ತ್ರವನ್ನು. ಪರೀಕ್ಷೆಗಳಲ್ಲಿ ಆತನೇನೂ ಮೊದಲಿಗನಲ್ಲ. ದೊಡ್ಡ ದೊಡ್ಡ ವಿದ್ಯುತ್ ಸಂಸ್ಥೆಗಳು ಅವನಿಗೆ ಬಾಗಿಲು ತೆರೆಯಲಿಲ್ಲ. ಊರು ಬಿಟ್ಟು ಹೋಗುವ ಮನಸ್ಸೂ ಅವನಿಗಿರಲಿಲ್ಲ. ಹೀಗೆ ಎಲೆಕ್ಟ್ರಾನಿಕ್ಸ್ ಕಲಿತವನು ಇಸ್ಪೀಟು ಎಲೆಯ ಯಂತ್ರಗಳಿಗೆ ಎಣ್ಣೆ ಬಿಡುವವನಾದ. ಮೂರನೆಯ ದರ್ಜೆಯ ಭಯದಲ್ಲಿ ದಿನ ನೂಕುವ ನಮ್ಮಂಥವರು ಈ ಸಂಗತಿಯನ್ನು ಸ್ವಲ್ಪ ನಿಂತು ನೋಡಬಹುದು.

ಯಂತ್ರಗಳು ಕೆಡದಿದ್ದಾಗ ಅವನಿಗೆ ಕೆಲಸವಿರಲಿಲ್ಲ. ಬೇಸರ ಕಳೆಯಲು ಆತ ಕೈಚಳಕದ ವಸ್ತುಗಳನ್ನು ಮಾಡುತ್ತಿದ್ದ. ಅಂಗಡಿಗಳ ಮುಂದಿನ ಮಡಚುವ ಜಾಲರಿ ಬಾಗಿಲನ್ನು ನಾವೆಲ್ಲ ನೋಡಿದ್ದೇವಷ್ಟೆ. ಅದೇ ರೀತಿ ಕತ್ತರಿಯಾಕಾರದ ಪಟ್ಟಿಗಳನ್ನು ಜೋಡಿಸಿ, ಹಿಡಿ ಒತ್ತಿದರೆ ಉದ್ದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುವ ಕೈಯೊಂದನ್ನು ಆತ ಮಾಡಿದ್ದ. ಒಂದು ದಿನ ಸಂಸ್ಥೆಯ ಅಧ್ಯಕ್ಷ ಹಿರೋಶಿ ಯಮೌಚಿಯ ಕಣ್ಣಿಗೆ ಅದು ಬಿತ್ತು. ಈ ಹಿರೋಶಿ ಮೂಲಪುರುಷ ಫುಸಾಜಿರೋನ ಮರಿಮಗ. ಬಹಳ ಗಡಸು ಮನುಷ್ಯ. ಕರೆ ಬಂದಾಗ ಬೈಗುಳವೇ ಕಾದಿದೆಯೆಂದು ಯೋಕೊಯಿ ಹೆದರಿದ. ಸಿಕ್ಕಿದ್ದು ಅದನ್ನೇ ಮಾರಾಟದ ಆಟಿಕೆಯಾಗಿ ಮಾಡಬೇಕೆಂಬ ಅಪ್ಪಣೆ. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಿಂದ ಹೊರಬಂದ ಆ ಆಟಿಕೆ 10 ಲಕ್ಷಕ್ಕೂ ಮೀರಿ ಮಾರಾಟವಾಯಿತು. ಎಣ್ಣೆ ಬಿಡುವ ಕೆಲಸ ಅಲ್ಲಿಗೆ ಮುಗಿಯಿತು.

ಯೋಕೊಯಿಯ ವ್ಯಾಪಾರ ನೀತಿಗೆ ಜಪಾನಿನಲ್ಲಿ ಒಂದು ಹೆಸರಿದೆ. ಬಾಡಿದ ತಂತ್ರಜ್ಞಾನವನ್ನು ಅಡ್ಡದಾರಿಯಲ್ಲಿ ಯೋಚಿಸಿ ಬಳಸುವುದು ಎಂದು ಅದರ ಭಾವ. ಬಾಡಿದ್ದು ಎಂದರೆ ಕೆಟ್ಟದ್ದೆಂದಲ್ಲ. ನಮ್ಮ ಬಡಗಿಗಳು ಹಸಿ ಮರದಿಂದ ಬಾಗಿಲು ಮಾಡುವುದಿಲ್ಲ. ಒಣಗಿ ಹದಗೊಂಡ ಮರ ಬೇಕು, ಇಲ್ಲವಾದರೆ ನಾಳೆ ಅದು ಸೊಟ್ಟಗಾಗುತ್ತದೆ. ತಂತ್ರಜ್ಞಾನವೂ ಹಾಗೆಯೇ. ಎಲ್ಲರೂ ಬಳಸಿ, ಕುಂದುಗಳೆಲ್ಲ ತಿಳಿದು, ಬೆಲೆ ಇಳಿದ ಮೇಲೆ ಅದನ್ನು ಯಾರೂ ಎಣಿಸದ ಕೆಲಸಕ್ಕೆ ಹಚ್ಚಬೇಕು.

ಇದಕ್ಕೆ ಅತ್ಯುತ್ತಮ ನಿದರ್ಶನ ರೈಲಿನಲ್ಲಿ ದೊರೆಯಿತು. ಷಿಂಕಾನ್‌ಸೆನ್ ಎಂಬ ಅತಿವೇಗದ ರೈಲಿನಲ್ಲಿ ಹೋಗುತ್ತಿದ್ದಾಗ, ಬೇಸರಗೊಂಡ ಪ್ರಯಾಣಿಕನೊಬ್ಬ ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಾ ಕುಳಿತಿದ್ದುದನ್ನು ಯೋಕೊಯಿ ಕಂಡ. ಆ ಕಾಲಕ್ಕೆ ಷಾರ್ಪ್ ಮತ್ತು ಕ್ಯಾಸಿಯೊ ಸಂಸ್ಥೆಗಳ ಬೆಲೆಯ ಜಗಳದಿಂದ ಕ್ಯಾಲ್ಕ್ಯುಲೇಟರು ಅಗ್ಗವಾಗಿತ್ತು. ಅದರ ದ್ರವಸ್ಫಟಿಕದ ಪರದೆಯೂ ಅಗ್ಗವಾಗಿತ್ತು. ದೊಡ್ಡವರು ಕೂಡ ನಾಚಿಕೆಯಿಲ್ಲದೆ ಅಂಗೈಯಲ್ಲಿ ಅಡಗಿಸಿಕೊಂಡು ಆಡುವಂಥ ಆಟಿಕೆಯನ್ನು ಅದರಿಂದಲೇ ಮಾಡಬಾರದೇಕೆ? ಮುಂದೊಂದು ದಿನ ಅಧ್ಯಕ್ಷನ ಕಾರಿನ ಚಾಲಕ ರಜೆಯಲ್ಲಿದ್ದಾಗ ಕಾರು ನಡೆಸುವ ಪಾಳಿ ಯೋಕೊಯಿಗೆ ಬಂತು. ದಾರಿಯಲ್ಲಿ ಆತ ಈ ವಿಚಾರವನ್ನು ಹೇಳಿದ. ಯಮೌಚಿ ಹೂಂ ಎಂದನೋ ಇಲ್ಲವೋ, ಆ ದಿನದ ಸಭೆಯಲ್ಲಿ ಆತನ ಪಕ್ಕಕ್ಕೆ ಕುಳಿತವನು ಷಾರ್ಪ್ ಸಂಸ್ಥೆಯ ಮುಖ್ಯಸ್ಥ. 1980ರ ಏಪ್ರಿಲ್‌ನಲ್ಲಿ ಗೇಮ್ ಅಂಡ್ ವಾಚ್ ಅಂಗಡಿಗೆ ಬಂತು. ಈ ಮಾಲೆಯ ಆಟಿಕೆಗಳು ಒಟ್ಟು 4 ಕೋಟಿ 34 ಲಕ್ಷ ಮಾರಾಟವಾದವು. 1982ರಲ್ಲಿ ಇದೇ ಮಾಲೆಯ ಒಂದು ಆಟಕ್ಕೆ ಹೆಬ್ಬೆರಳಿನಿಂದ ನಾಲ್ಕು ದಿಕ್ಕಿಗೂ ಒತ್ತಬಹುದಾದ ಕೂಡುಗುರುತಿನ ಆಕಾರದ ಗುಂಡಿಯನ್ನು ಆತ ಹೊಂದಿಸಿದ. ಅದರ ಸಂತತಿ ಇಂದಿಗೂ ಆಟದ ಯಂತ್ರಗಳಲ್ಲೆಲ್ಲ ಉಳಿದಿದೆ.

ಯೋಕೊಯಿಯ ನೀತಿಗೆ ನಿಜವಾದ ಪರೀಕ್ಷೆ 1989ರಲ್ಲಿ ನಡೆಯಿತು. ಆ ವರ್ಷ ಅವನ ತಂಡ ಗೇಮ್ ಬಾಯ್ ಎಂಬ ಕೈಯಂತ್ರವನ್ನು ಹೊರತಂದಿತು. ಮೊದಲ ಮಾದರಿಯ ಪರದೆಯನ್ನು ಸ್ವಲ್ಪ ಓರೆಯಾಗಿ ಹಿಡಿದರೂ ಏನೂ ಕಾಣುತ್ತಿರಲಿಲ್ಲ. ಇದು ಮಾರಾಟಕ್ಕೆ ಆಗದೆಂದು ಯಮೌಚಿ ಸಿಡುಕಿದ. ಅಷ್ಟರಲ್ಲಿ ಪರದೆಗಾಗಿ ಷಾರ್ಪ್ ಸಂಸ್ಥೆ ಅಪಾರ ಹಣ ಹೂಡಿಯಾಗಿತ್ತು. ಯೋಕೊಯಿಗೆ ಊಟ ಸೇರದಾಯಿತು. ಕೊನೆಗೆ ಬೇರೆ ಬಗೆಯ ದ್ರವಸ್ಫಟಿಕದಿಂದ ದೋಷ ಪರಿಹಾರವಾಯಿತು.

ಅದೇ ವರ್ಷ ಅಮೆರಿಕದ ಅಟಾರಿ ಸಂಸ್ಥೆಯ ಲಿಂಕ್ಸ್ ಬಣ್ಣದ ಪರದೆಯೊಡನೆ ಬಂತು. 1990ರಲ್ಲಿ ಸೆಗಾ ಸಂಸ್ಥೆಯ ಗೇಮ್ ಗಿಯರ್ ಬಂತು. ಅದಕ್ಕೂ ಬಣ್ಣ, ಹಿಂದಿನಿಂದ ಬೆಳಕು. ಗೇಮ್ ಬಾಯ್‌ಗೆ ಇದ್ದುದು ಪಾಚಿಬಣ್ಣದ ಮಂಕು ಪರದೆ, ನಾಲ್ಕೇ ಛಾಯೆ. ಎದುರಾಳಿಯ ಯಂತ್ರಕ್ಕೆ ಬಣ್ಣವಿದೆಯೆಂದು ಕೇಳಿ ಯೋಕೊಯಿ ನಿಶ್ಚಿಂತನಾದನಂತೆ! ಕಾರಣ ಸ್ಪಷ್ಟ: ಬಣ್ಣವೆಂದರೆ ಬ್ಯಾಟರಿಯ ಖರ್ಚು. ಗೇಮ್ ಗಿಯರ್ 6 ಸೆಲ್ಲುಗಳನ್ನು ನಾಲ್ಕೈದು ಗಂಟೆಗಳಲ್ಲಿ ನುಂಗಿಬಿಡುತ್ತಿತ್ತು. ಗೇಮ್ ಬಾಯ್ 4 ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಅಮೆರಿಕದಲ್ಲಿ ಇದರ ಬೆಲೆ ಸುಮಾರು 90 ಡಾಲರು, ಲಿಂಕ್ಸ್‌ನ ಬೆಲೆ ಸುಮಾರು 180. ಜತೆಗೆ ರಷ್ಯದ ಅಲೆಕ್ಸೀ ಪಾಜಿಟ್ನೊವ್ ರಚಿಸಿದ ಟೆಟ್ರಿಸ್ ಆಟವನ್ನು ಅಲ್ಲಿ ಯಂತ್ರದೊಡನೆಯೇ ಕೊಟ್ಟರು. ಮೇಲಿನಿಂದ ಬೀಳುವ ತುಂಡುಗಳನ್ನು ಹೊಂದಿಸುವ ಆ ಆಟಕ್ಕೆ ಬಣ್ಣವೇ ಬೇಕಿರಲಿಲ್ಲ. ಬಣ್ಣವನ್ನೇ ಡಂಗುರ ಸಾರಿ ಮಾರಿದವರು ಮತ್ತೆ ಮಂಕು ಪರದೆಗೆ ಇಳಿದು ಬೆಲೆ ತಗ್ಗಿಸುವಂತಿರಲಿಲ್ಲ. ಗೇಮ್ ಗಿಯರ್ ಸುಮಾರು 1 ಕೋಟಿ ಮಾರಾಟವಾಯಿತು. ಗೇಮ್ ಬಾಯ್, ಅದರ ಮುಂದಿನ ಬಣ್ಣದ ಆವೃತ್ತಿಯೂ ಸೇರಿ, 11 ಕೋಟಿ 86 ಲಕ್ಷ. ಕೆಳಮಟ್ಟದ್ದೆಂದು ತೋರುವ ಅಗ್ಗದ ವಸ್ತು ದೊಡ್ಡ ಸಂಸ್ಥೆಗಳ ಬುಡವನ್ನು ಅಲುಗಿಸುವ ಬಗೆಯನ್ನು ಹಾರ್ವರ್ಡಿನ ಪ್ರಾಧ್ಯಾಪಕ ಕ್ಲೇಟನ್ ಕ್ರಿಸ್ಟೆನ್ಸನ್ ಗ್ರಂಥರೂಪದಲ್ಲಿ ವಿವರಿಸಿದ್ದು 1997ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಯೋಕೊಯಿ ಅದನ್ನು ಅಂಗಡಿಯಲ್ಲಿ ಮಾಡಿ ತೋರಿಸಿದ್ದ.

ಆತನ ಸೋಲನ್ನು ಮರೆಮಾಡಿದರೆ ಜೀವನಚರಿತ್ರೆ ಸ್ತುತಿಪಾಠವಾದೀತು. 1995ರಲ್ಲಿ ಬಂದ ವರ್ಚುಯಲ್ ಬಾಯ್ ಎಂಬ ಯಂತ್ರದಲ್ಲಿ, ಕನ್ನಡಕದಂಥ ಪೆಟ್ಟಿಗೆಗೆ ಮುಖವಿಟ್ಟು ನೋಡಿದರೆ ಆಳವುಳ್ಳ ದೃಶ್ಯ ಕಾಣುತ್ತಿತ್ತು. ಇಲ್ಲಿಯೂ ಆತ ತನ್ನ ನೀತಿಯನ್ನು ಪೂರ್ತಿ ಬಿಟ್ಟಿರಲಿಲ್ಲ; ಕೆಂಪು ದೀಪಗಳನ್ನು ಆರಿಸಿದ್ದು ಅವು ಅಗ್ಗವೆಂದೇ. ಆದರೆ ಮೇಜಿನ ಮೇಲಿಟ್ಟು ಬಗ್ಗಿ ನೋಡಬೇಕಾದ ಆ ಯಂತ್ರವನ್ನು ಜೇಬಿಗೆ ಹಾಕಿಕೊಳ್ಳುವಂತಿರಲಿಲ್ಲ, ಪಕ್ಕದವನಿಗೆ ತೋರಿಸುವಂತೆಯೂ ಇರಲಿಲ್ಲ. ಹಳೆಯ ವಸ್ತುವಿಗೆ ಹೊಸ ಕೆಲಸ ಸಿಕ್ಕಿತ್ತು ನಿಜ, ಆ ಕೆಲಸ ಯಾರಿಗೂ ಬೇಕಿರಲಿಲ್ಲ ಎಂದು ನನಗೆ ತೋರುತ್ತದೆ. ಸುಮಾರು 7 ಲಕ್ಷ 70 ಸಾವಿರ ಮಾರಾಟವಾಗುವಷ್ಟರಲ್ಲಿ ಅದು ನಿಂತುಹೋಯಿತು.

1996ರ ಆಗಸ್ಟ್‌ನಲ್ಲಿ, 31 ವರ್ಷಗಳ ಸೇವೆಯ ಅನಂತರ, ಯೋಕೊಯಿ ನಿಂಟೆಂಡೊವನ್ನು ಬಿಟ್ಟ. ಸೋಲಿನ ಅಪಮಾನದಿಂದಲೇ ಬಿಟ್ಟನೆಂದು ಪತ್ರಿಕೆಗಳು ಬರೆದುವು. ಆತ ಅದನ್ನು ಅಲ್ಲಗಳೆದ. ಕ್ಯೋಟೋದಲ್ಲಿ ಕೋಟೋ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿ, ಬಂಡಾಯ್ ಸಂಸ್ಥೆಗಾಗಿ ಹೊಸ ಕೈಯಂತ್ರವೊಂದರ ಕೆಲಸಕ್ಕೆ ತೊಡಗಿದ. 1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೆದ್ದಾರಿಯಲ್ಲಿ ಆತನಿದ್ದ ಕಾರು ಮುಂದಿನ ಲಾರಿಗೆ ತಾಗಿತು. ಹಾನಿಯನ್ನು ನೋಡಲೆಂದು ಕೆಳಗಿಳಿದಾಗ ಇನ್ನೊಂದು ಕಾರು ಬಂದು ಬಡಿಯಿತು. ಆಗ ಅವನಿಗೆ 56 ವರ್ಷ.

ಅವನು ಅರ್ಧಕ್ಕೆ ಬಿಟ್ಟುಹೋದ ಯಂತ್ರ ವಂಡರ್‌ಸ್ವಾನ್ ಎಂಬ ಹೆಸರಿನಿಂದ 1999ರ ಮಾರ್ಚ್‌ನಲ್ಲಿ ಜಪಾನಿನ ಅಂಗಡಿಗಳಿಗೆ ಬಂತು. ಬೆಲೆ 4,800 ಯೆನ್. ಪರದೆಗೆ ಬಣ್ಣವಿರಲಿಲ್ಲ, ನಡೆಯಲು ಒಂದೇ ಒಂದು ಸೆಲ್ಲು ಸಾಕಿತ್ತು.