ಕಾರಾಪುರದ ಮಾವುತನ ಮಗ

ನಾನಿರುವ ನ್ಯೂಮಾರ್ಕೆಟ್ ಪಟ್ಟಣವು ಟೊರಾಂಟೊ ನಗರದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿದೆ. ಇಲ್ಲಿ ಸಿನಿಮಾ ನಟರ ಮಾತೆತ್ತಿದರೆ ಜನರು ತಟ್ಟನೆ ಹೇಳುವ ಹೆಸರು ಜಿಮ್ ಕ್ಯಾರಿಯವರದು. ಅವರು 1962ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಆದರೆ ಈ ವಾರ ನಾನು ಬರೆಯಹೊರಟಿರುವುದು ನಮ್ಮ ಹೆಗ್ಗಡದೇವನಕೋಟೆ ಸೀಮೆಯಿಂದ ಹೊರಟು, ಕ್ಯಾರಿಯವರಿಗಿಂತ ಎಷ್ಟೋ ಮೊದಲೇ ಹಾಲಿವುಡ್ ತಲುಪಿದ ಒಬ್ಬ ನಟನ ಬದುಕನ್ನು. ವಿದೇಶಕ್ಕೆ ಹೊರಡಲು ಅರ್ಜಿ ತುಂಬುತ್ತಿರುವ ತರುಣರೂ, ಅವರನ್ನು ಕಳುಹಿಸಿಕೊಡಬೇಕಾದ ತಂದೆತಾಯಂದಿರೂ ಈ ಬದುಕನ್ನು ತಿಳಿದಿರುವುದು ಒಳ್ಳೆಯದೆಂದು ನನಗೆ ತೋರಿದೆ.

ಆತನ ಬಳಿಗೆ ನನ್ನನ್ನು ಕರೆದೊಯ್ದದ್ದು ಫ್ರೆಂಚ್ ಭಾಷೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಫ್ರೆಂಚ್ ಬಲ್ಲವರಿಗೆ ಹೆಚ್ಚುವರಿ ಅಂಕಗಳು ದೊರೆಯುತ್ತವೆಂಬುದನ್ನು ಇಲ್ಲಿಗೆ ಬರಬಯಸುವ ಬಹುತೇಕರು ಬಲ್ಲರು. ಅಂಕಗಳ ಹಂಗು ನನಗೆ ಈಗ ಇಲ್ಲವಾದರೂ ಕಿವಿಗೆ ಆ ಭಾಷೆ ಒಗ್ಗಲೆಂದು ಎರಡು ಚಳಿಗಾಲಗಳಿಂದ ಯುದ್ಧಾನಂತರದ ಫ್ರೆಂಚ್ ಚಿತ್ರಗಳನ್ನು ನೋಡುತ್ತಿದ್ದೇನೆ. ಝಾನ್ ಗಾಬಿನ್, ಲಿನೋ ವೆಂತೂರಾ, ಮಿಶೆಲಿನ್ ಪ್ರೇಲ್ ಇವರೆಲ್ಲ ಹೀಗೆ ಪರಿಚಿತರಾದರು. ವೆಂತೂರಾ ಮತ್ತು ಪ್ರೇಲ್ ನಟಿಸಿರುವ, ಜರ್ಮನಿ, ಫ್ರಾನ್ಸ್, ಇಟಲಿಗಳು ಕೂಡಿ 1960ರಲ್ಲಿ ಹೊರತಂದ ‘ಹೆರಿನ್ ಡೆರ್ ವೆಲ್ಟ್’ ಎಂಬ ಸಾಹಸಚಿತ್ರದ ತಾರಾಪಟ್ಟಿಯಲ್ಲಿ ಅದೇ ಸಾಲಿನ ಇನ್ನೊಂದು ಹೆಸರಿತ್ತು: ಸಾಬು. ಚಿತ್ರವೇನೋ ಅಷ್ಟಕ್ಕಷ್ಟೆ. ಮೈಸೂರು ಸೀಮೆಯ ಒಬ್ಬನು ಆ ಸಾಲಿಗೆ ಬಂದದ್ದು ಹೇಗೆಂಬುದು ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಕಥೆ.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಕಬಿನಿ ನದಿಯ ದಂಡೆಯ ಕಾಡಿಗೆ ಅಂಟಿಕೊಂಡ ಕಾರಾಪುರದಲ್ಲಿ. ತಂದೆಯು ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತ. ಕಾಕನಕೋಟೆಯ ಖೆಡ್ಡಾಗಳಿಂದಾಗಿ ಆ ಪ್ರದೇಶಕ್ಕೆ ಆಗಲೇ ದೇಶವಿದೇಶಗಳಲ್ಲಿ ಹೆಸರಿತ್ತು. ಎಳವೆಯಲ್ಲೇ ತಾಯಿಯನ್ನೂ ಆಮೇಲೆ ತಂದೆಯನ್ನೂ ಕಳೆದುಕೊಂಡ ಹುಡುಗನಿಗೆ ಅಣ್ಣ ಶೇಖ್ ದಸ್ತಗೀರನೇ ದಿಕ್ಕು. ಅನ್ನಕ್ಕೆ ಅರಮನೆಯ ಆನೆಲಾಯವೇ ಆಸರೆ. ಆನೆಗಳ ಮೈತೊಳೆಯುವುದು, ಮೇವು ಹಾಕುವುದು, ಕಿವಿಯ ಹಿಂದೆ ಕಾಲಿಟ್ಟು ಕೂತು ನಡೆಸುವುದು ಇವೇ ಆತನ ವಿದ್ಯೆ. ಶಾಲೆಯ ಮುಖ ಕಾಣದ, ಇಂಗ್ಲಿಷಿನ ಒಂದು ಮಾತೂ ಬಾರದ ಈ ಹುಡುಗನು ಮುಂದೆ ಲೋಕವಿಖ್ಯಾತನಾಗುವನೆಂದು ಆ ಲಾಯದಲ್ಲಿ ಯಾರು ತಾನೆ ಊಹಿಸಿಯಾರು!

1935ರಲ್ಲಿ ಲಂಡನ್ನಿನ ನಿರ್ಮಾಪಕ ಅಲೆಗ್ಸಾಂಡರ್ ಕೋರ್ಡಾ, ಕಿಪ್ಲಿಂಗನ ಆನೆಯ ಕಥೆಯೊಂದನ್ನು ಚಿತ್ರವಾಗಿಸಲು ರಾಬರ್ಟ್ ಫ್ಲಾಹರ್ಟಿಯನ್ನು ಮೈಸೂರಿಗೆ ಕಳುಹಿಸಿದನು. ಈ ಫ್ಲಾಹರ್ಟಿ ಸಾಮಾನ್ಯನಲ್ಲ. ಕೆನಡಾದ ಉತ್ತರದ ಹಿಮಭೂಮಿಯ ಇನುಯಿಟ್ ಜನರ ನಡುವೆ ಇದ್ದು, 1922ರಲ್ಲಿ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರವನ್ನು ಮಾಡಿದವನು. ಅವನ ಜತೆಯಲ್ಲಿ ಬಂದ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಕೂಡ ಕೆನಡಾದ ವಿನಿಪೆಗ್ಗಿನಲ್ಲಿ ಹುಟ್ಟಿದವನು. ಆನೆಲಾಯದಲ್ಲಿ ಸಾಬುವನ್ನು ಗುರುತಿಸಿದ ಹಿರಿಮೆಯನ್ನು ಈ ಬೊರಡೇಲನಿಗೆ ಸಲ್ಲಿಸುವವರುಂಟು. ನಮ್ಮವರು ಕೆನಡಾಕ್ಕೆ ಬರಲು ತೊಡಗುವ ಎಷ್ಟೋ ಮುಂಚೆಯೇ ಕೆನಡಾ ನಮ್ಮ ಆನೆಲಾಯಕ್ಕೆ ಬಂದು ಹೋಗಿತ್ತು ಎಂದು ನಾನು ಇಲ್ಲಿನ ಗೆಳೆಯರೊಡನೆ ವಿನೋದಕ್ಕೆ ಹೇಳುವುದುಂಟು.

ನಾಲ್ವಡಿ ಕೃಷ್ಣರಾಜ ಒಡೆಯರು ಚಿತ್ರೀಕರಣಕ್ಕೆ ಉದಾರವಾಗಿ ನೆರವಾದರು. ಆನೆಗಳು ದೊರೆತವು, ಕಾಡು ದೊರೆಯಿತು, ಚಿತ್ರಕ್ಕಾಗಿಯೇ ಖೆಡ್ಡಾ ಒಂದು ಏರ್ಪಟ್ಟಿತು. ಕಥೆಯ ಕಾಲಾನಾಗನಾಗಿ ನಟಿಸಿದ್ದು ಅರಮನೆಯ ಐರಾವತ. ಫ್ಲಾಹರ್ಟಿ ನಿಧಾನಸ್ಥ, ತಿಂಗಳುಗಟ್ಟಲೆ ನೋಡುತ್ತಲೇ ಕೂತು, ಮೈಲುಗಟ್ಟಲೆ ಫಿಲ್ಮ್ ಸುತ್ತುವವನು. ಬೇಸತ್ತ ಕೋರ್ಡಾ ಎಲ್ಲರನ್ನೂ ಇಂಗ್ಲೆಂಡಿಗೆ ಕರೆಸಿಕೊಂಡು, ಉಳಿದ ಭಾಗವನ್ನು ತನ್ನ ತಮ್ಮ ಝೋಲ್ಟಾನನಿಂದ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಮಾಡಿಸಿದನು. ಹೀಗೆ 1936ರಲ್ಲಿ ಅಣ್ಣತಮ್ಮಂದಿರಿಬ್ಬರೂ ಹಡಗನ್ನೇರಿದರು. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡು, ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯನ್ನು ಪಡೆಯಿತು. ಆದರೆ ಜನರು ಮನೆಗೆ ಹೊತ್ತೊಯ್ದದ್ದು ಆ ಹುಡುಗನ ನಗುವನ್ನು.

ಹೆಸರಿನ ವಿಷಯವನ್ನು ಇಲ್ಲಿ ಹೇಳಬೇಕು. ಆತನ ಹೆಸರು ಸೇಲಾರ್ ಶೇಖ್ ಸಾಬು. ದಸ್ತಗೀರ್ ಎಂಬುದು ಅಣ್ಣನ ಹೆಸರು. ಪರದೇಶದಲ್ಲಿ ಅದು ಕುಟುಂಬನಾಮವಾಗಿ ತಮ್ಮನಿಗೂ ಅಂಟಿಕೊಂಡು, ಇಂದಿಗೂ ಪುಸ್ತಕಗಳಲ್ಲಿ ಸಾಬು ದಸ್ತಗೀರ್ ಎಂದೇ ಉಳಿದಿದೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿ ಕೂತುಬಿಟ್ಟಿರುವ ನನ್ನ ಕನ್ನಡಿಗ ಓದುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಕೋರ್ಡಾನ ಮುಂದಿನ ಚಿತ್ರ ‘ದಿ ಡ್ರಮ್’ 1938ರಲ್ಲಿ ಬಂದಿತು. ಗಡಿನಾಡಿನ ರಾಜಕುಮಾರನೊಬ್ಬ ಬ್ರಿಟಿಷರ ಮಿತ್ರನಾಗುವ ಕಥೆ. ಅದರ ಬೆಟ್ಟಗುಡ್ಡಗಳಲ್ಲಿ ಹಲವು ವೇಲ್ಸ್ ಪ್ರಾಂತದವು. ಸಾಮ್ರಾಜ್ಯವನ್ನು ಹೊಗಳುವ ಈ ಚಿತ್ರದ ವಿರುದ್ಧ ಮುಂಬಯಿಯಲ್ಲಿ ಪ್ರತಿಭಟನೆಗಳು ನಡೆದು ಪ್ರದರ್ಶನ ನಿಂತುಹೋಯಿತು. ನಟನಿಗೆ ಆಗ 14 ವರ್ಷ. ಊರು ಬಿಟ್ಟವನು ಹೊರಗೆ ಯಾವ ಪಾತ್ರದಿಂದ ಅನ್ನ ಸಂಪಾದಿಸಿದನೋ ಅದೇ ಪಾತ್ರ ಊರಿನವರನ್ನು ನೋಯಿಸಿತ್ತು. ಇದರಲ್ಲಿ ಹುಡುಗನ ತಪ್ಪೇನೂ ನನಗೆ ಕಾಣುವುದಿಲ್ಲ. ಚಿತ್ರದ ತಪ್ಪನ್ನು ಮಾತ್ರ ಒಪ್ಪಲೇಬೇಕು.

1940ರ ‘ದಿ ಥೀಫ್ ಆಫ್ ಬಾಗ್ದಾದ್’ ಆತನ ಅತ್ಯುತ್ತಮ ಚಿತ್ರವೆಂದು ನನ್ನ ಎಣಿಕೆ. ಅಬು ಎಂಬ ಪುಟ್ಟ ಕಳ್ಳನಾಗಿ ಆತ ಓಡುವುದು, ಹತ್ತುವುದು, ನಗುವುದು, ಭೂತವನ್ನು ಸೀಸೆಗೆ ಮರಳಿ ಇಳಿಸುವುದು ಇವೆಲ್ಲ ಇಂದಿಗೂ ಹಳತಾಗಿಲ್ಲ. ಇದರ ಛಾಯಾಗ್ರಹಣಕ್ಕೆ ಆಸ್ಕರ್ ಪಡೆದವನು ಝಾರ್ಜ್ ಪೆರಿನಾಲ್ ಎಂಬ ಫ್ರೆಂಚ್ ಛಾಯಾಗ್ರಾಹಕ. ಪ್ಯಾರಿಸಿನಲ್ಲಿ ರೆನೆ ಕ್ಲೇರನ ಚಿತ್ರಗಳಿಗೆ ಬೆಳಕು ಹಿಡಿದು ಹೆಸರಾಗಿದ್ದವನು. ಯುದ್ಧ ತೊಡಗಿದ್ದರಿಂದ ಚಿತ್ರವನ್ನು ಲಂಡನ್ನಿನಲ್ಲಿ ಮುಗಿಸಲಾಗದೆ ಇಡೀ ತಂಡ ಅಮೆರಿಕಕ್ಕೆ ದಾಟಿತು. ಸಾಬುವಿನ ಎರಡನೆಯ ವಲಸೆ ಹೀಗೆ ಅಕಸ್ಮಾತ್ತಾಗಿ ನಡೆಯಿತು. 1942ರಲ್ಲಿ ‘ಜಂಗಲ್ ಬುಕ್’ನ ಮೌಗ್ಲಿಯಾದ ಬಳಿಕ ಯೂನಿವರ್ಸಲ್ ಸಂಸ್ಥೆ ಆತನನ್ನು ಸೇರಿಸಿಕೊಂಡು, ಮಾರಿಯಾ ಮೊಂಟೆಜ್ ಮತ್ತು ಜಾನ್ ಹಾಲರ ಜತೆಯಲ್ಲಿ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಎಂಬ ಬಣ್ಣದ ಚಿತ್ರಗಳನ್ನು ಮಾಡಿತು. ಅವುಗಳಲ್ಲಿ ಆತ ನಾಯಕನ ಗೆಳೆಯ. ನಾಯಕ ಎಂದೂ ಅಲ್ಲ.

1944ರ ಜನವರಿಯಲ್ಲಿ ಸಾಬು ಅಮೆರಿಕದ ನಾಗರಿಕನಾದನು. ಇದರ ತೂಕ ತಿಳಿಯಬೇಕಾದರೆ ಅಂದಿನ ಕಾನೂನನ್ನು ನೆನೆಯಬೇಕು. 1923ರ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಭಾರತೀಯರಿಗೆ ನಾಗರಿಕತ್ವದ ಬಾಗಿಲನ್ನು ಮುಚ್ಚಿತ್ತು. ಸಾಮಾನ್ಯ ಭಾರತೀಯನಿಗೆ ಅದು ತೆರೆದದ್ದು 1946ರ ಲೂಸ್-ಸೆಲರ್ ಕಾಯಿದೆಯಿಂದ. ಆಗಲೂ ವರ್ಷಕ್ಕೆ 100 ಮಂದಿಗೆ ಮಾತ್ರ ಪ್ರವೇಶ. ಕೆನಡಾ ಏನೂ ಮಿಗಿಲಾಗಿರಲಿಲ್ಲ. ಇಲ್ಲಿನ ಭಾರತೀಯರಿಗೆ ಮತದಾನದ ಹಕ್ಕು ದಕ್ಕಿದ್ದು 1947ರಲ್ಲಿ. 1951ರ ಒಪ್ಪಂದ ವರ್ಷಕ್ಕೆ 150 ಭಾರತೀಯರಿಗೆ ಎಡೆಮಾಡಿತು. ವೀಸಾ ತಡವಾಯಿತೆಂದು ಕೊರಗುವ ನಾವು ಈ ಅಂಕಿಗಳನ್ನು ಒಮ್ಮೆ ನೋಡಿಕೊಳ್ಳಬಹುದು.

ಯುದ್ಧಕಾಲದಲ್ಲಿ ಆತ ವಾಯುಪಡೆಗೆ ಸೇರಿದನು. ಬಿ-24 ಬಾಂಬರ್ ವಿಮಾನದ ಗಾಜಿನ ಗೂಡಿನಲ್ಲಿ ಬಂದೂಕು ಹಿಡಿದು ಕೂರುವ ಕೆಲಸ. ಮೈಕಟ್ಟು ಚಿಕ್ಕದಾದವರಿಗೇ ಹೊಂದುವ ಇಕ್ಕಟ್ಟಾದ, ಅಪಾಯದ ಜಾಗ ಅದು. ಪೆಸಿಫಿಕ್ ಸಾಗರದ ಮೇಲೆ ಹತ್ತಾರು ದಾಳಿಗಳಲ್ಲಿ ಪಾಲ್ಗೊಂಡು, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಪದಕವನ್ನು ಗಳಿಸಿದನು.

ಇಲ್ಲಿ ನನಗೆ ಗಾಬಿನ್ ನೆನಪಾಗುತ್ತಾನೆ. ಫ್ರಾನ್ಸಿನ ಅತಿದೊಡ್ಡ ನಟನಾಗಿದ್ದ ಆತನೂ ಜರ್ಮನರ ಆಕ್ರಮಣದ ಬಳಿಕ ಹಾಲಿವುಡ್ಡಿಗೆ ಬಂದಿದ್ದನು. ಎರಡು ಚಿತ್ರ ಮಾಡಿ, ಅಲ್ಲಿ ಒಗ್ಗದೆ, ಸ್ವತಂತ್ರ ಫ್ರಾನ್ಸಿನ ಸೇನೆ ಸೇರಿ, ಟ್ಯಾಂಕಿನಲ್ಲಿ ಕೂತು ತಾಯ್ನಾಡಿಗೆ ಮರಳಿದನು. ಯುದ್ಧದ ಬಳಿಕ ಕೆಲವು ವರ್ಷ ಆತನನ್ನು ಕೇಳುವವರಿರಲಿಲ್ಲ. 1954ರಲ್ಲಿ ಝಾಕ್ ಬೆಕರನ ಚಿತ್ರವೊಂದು ಆತನನ್ನು ಮರಳಿ ಸಿಂಹಾಸನದ ಮೇಲೆ ಕೂರಿಸಿತು. ಗಾಬಿನನಿಗೆ ಕಾಯಲು ಒಂದು ಭಾಷೆಯಿತ್ತು, ಆ ಭಾಷೆಯ ಚಿತ್ರೋದ್ಯಮವಿತ್ತು. ಮೈಸೂರಿನ ಹುಡುಗನಿಗೆ ಅದಿರಲಿಲ್ಲ. ಆತ ಊರು ಬಿಡುವ ಎರಡು ವರ್ಷ ಮೊದಲಷ್ಟೇ, 1934ರಲ್ಲಿ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದಿತ್ತು. ಕನ್ನಡ ಚಿತ್ರರಂಗ ನೆಲೆನಿಲ್ಲುವ ವೇಳೆಗೆ ಸಾಬು ಅದಕ್ಕೆ ಪೂರ್ತಿ ಹೊರಗಿನವನು.

1947ರಲ್ಲಿ ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಇಂಗ್ಲೆಂಡಿಗೆ ಕರೆಸಿ, ರೂಮರ್ ಗಾಡೆನ್ ಅವರ ಕಾದಂಬರಿಯನ್ನಾಧರಿಸಿದ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ರಾಜಕುವರನ ಪಾತ್ರವನ್ನು ಕೊಟ್ಟರು. ಅದರ ಹಿಮಾಲಯವೆಲ್ಲ ಇಂಗ್ಲೆಂಡಿನಲ್ಲೇ ಸೃಷ್ಟಿಯಾದದ್ದು, ಗಾಜಿನ ಮೇಲೆ ಬರೆದ ಚಿತ್ರಗಳು ಸೇರಿದಂತೆ. ಅದೇ ಲೇಖಕಿಯ ಇನ್ನೊಂದು ಕಾದಂಬರಿಯನ್ನು ಎತ್ತಿಕೊಂಡ ಫ್ರೆಂಚ್ ನಿರ್ದೇಶಕ ಝಾನ್ ರೆನ್ವಾರ್ ಮಾತ್ರ ಭಾರತದಲ್ಲೇ ಚಿತ್ರಿಸುವೆನೆಂದು ಹಟ ಹಿಡಿದು ಬಂಗಾಳಕ್ಕೆ ಹೋಗಿ, 1951ರಲ್ಲಿ ‘ದಿ ರಿವರ್’ ಅನ್ನು ಹೊರತಂದನು. ಆನೆಯೂ ಹುಲಿಬೇಟೆಯೂ ಇಲ್ಲದ ಭಾರತ ಹಾಲಿವುಡ್ಡಿಗೆ ಆಗ ಬೇಡವಾಗಿತ್ತು. ರೆನ್ವಾರನ ಚಿತ್ರದಲ್ಲಿ ಆ ಆಡಂಬರವಿಲ್ಲ, ನದಿ, ದೋಣಿ, ಸೆಣಬಿನ ಕಾರ್ಖಾನೆ ಇವೆ. ಆನೆಯಿಂದಲೇ ಹೆಸರಾದ ಸಾಬುವಿನ ಬದುಕಿನ ಇಕ್ಕಟ್ಟೆಲ್ಲ ಈ ವ್ಯತ್ಯಾಸದಲ್ಲಿದೆಯೆಂದು ನನಗನಿಸುತ್ತದೆ. ಆನೆಯ ಮೇಲೆ ಕೂತ ಹುಡುಗನನ್ನು ಲೋಕ ಮೆಚ್ಚಿತು. ಹುಡುಗ ದೊಡ್ಡವನಾದಾಗ ಆತನಿಗೆ ಕೊಡಲು ಬೇರೆ ಪಾತ್ರವನ್ನು ಯಾರೂ ಬರೆದಿಟ್ಟಿರಲಿಲ್ಲ.

1948ರಲ್ಲಿ ನಟಿ ಮೆರಿಲಿನ್ ಕೂಪರಳನ್ನು ವಿವಾಹವಾದನು. ಒಬ್ಬ ಮಗ, ಒಬ್ಬ ಮಗಳು. ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ಕೊಟ್ಟನು. 1952ರಲ್ಲಿ ಇಟಲಿಗೆ ಹೋಗಿ ವಿಟ್ಟೋರಿಯೋ ಡಿ ಸಿಕಾನ ಜತೆ ‘ಬುವೊಂಜೋರ್ನೊ, ಎಲೆಫಾಂತೆ’ ಚಿತ್ರದಲ್ಲಿ ನಟಿಸಿದನು. ಬಡ ಶಾಲಾಮೇಷ್ಟ್ರಿಗೆ ಭಾರತದ ರಾಜನೊಬ್ಬ ಆನೆಯನ್ನು ಉಡುಗೊರೆಯಾಗಿ ಕೊಡುವ ಹಾಸ್ಯಕಥೆ. ಅಲ್ಲಿಯೂ ಆನೆ!

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಲಕಿದ್ದು 1950ರ ದಶಕದ ನಡುವಿನ ಪ್ರಸಂಗ. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಸಾಬುವನ್ನು ಆರಿಸಿದರು. ಆತ ಲಾಸ್ ಏಂಜಲೀಸಿನಿಂದ ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಾದನು. ಚಿತ್ರೀಕರಣ ಮುಂದಕ್ಕೆ ಹೋಯಿತು. ಕೊನೆಗೆ ಅಮೆರಿಕದ ನಾಗರಿಕನಾದ ಆತನಿಗೆ ಭಾರತದಲ್ಲಿ ದುಡಿಯಲು ಪರವಾನಗಿ ದೊರೆಯಲಿಲ್ಲ. ಕಾರಾಪುರದಲ್ಲಿ ಹುಟ್ಟಿದವನು ಪರವಾನಗಿಯಿಲ್ಲದೆ ಮರಳಿದನು. ಬಿರ್ಜುವಿನ ಪಾತ್ರ ಸುನಿಲ್ ದತ್ತರ ಪಾಲಾಗಿ ಅವರ ಬದುಕನ್ನೇ ಬದಲಿಸಿತು. ಇಂದು ನಮಗೆ ಓಸಿಐ ಚೀಟಿಯಿದೆ. 2005ರಿಂದ ಬಂದ ಈ ಸೌಲಭ್ಯದಿಂದ ವಿದೇಶಿ ನಾಗರಿಕರಾದ ಭಾರತೀಯ ಮೂಲದವರು ಅಲ್ಲಿ ನೆಲೆಸಬಹುದು, ಹೆಚ್ಚಿನ ಕೆಲಸಗಳನ್ನು ಮಾಡಬಹುದು. ಆದರೂ ಭಾರತ ಇಬ್ಬಗೆಯ ನಾಗರಿಕತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಕೆನಡಾದ ಪ್ರಮಾಣವಚನ ಸ್ವೀಕರಿಸಿದವರು ನೀಲಿ ಪಾಸ್‌ಪೋರ್ಟನ್ನು ಒಪ್ಪಿಸಲೇಬೇಕು. ಪರದೇಶದ ಕಾಗದಕ್ಕೆ ಸಹಿ ಹಾಕುವಾಗ ಆ ಮುಂಬಯಿಯ ಹೋಟೆಲಿನ ದಿನಗಳನ್ನು ನೆನೆಯುವುದು ಕೆಟ್ಟದ್ದಲ್ಲ. ಲಿನೋ ವೆಂತೂರಾನ ದಾರಿ ಬೇರೆ. ಇಟಲಿಯಲ್ಲಿ ಹುಟ್ಟಿ, ಬಾಲ್ಯದಿಂದ ಫ್ರಾನ್ಸಿನಲ್ಲೇ ಬೆಳೆದು, ಫ್ರೆಂಚರ ಕಣ್ಮಣಿಯಾದರೂ ಆತ ಕೊನೆಯವರೆಗೆ ಇಟಲಿಯ ನಾಗರಿಕನಾಗಿಯೇ ಉಳಿದನು. ಯಾರ ಲೆಕ್ಕ ಸರಿಯೆಂದು ತೀರ್ಪು ಕೊಡಲು ನಾನು ಯಾರು?

1960ರಲ್ಲಿ ಹಾಲಿವುಡ್ಡಿನ ಕಾಲುಹಾದಿಯಲ್ಲಿ ಸಾಬುವಿನ ಹೆಸರಿನ ತಾರೆಯನ್ನು ಕೂರಿಸಲಾಯಿತು. ಅದೇ ವರ್ಷ ಅಣ್ಣ ದಸ್ತಗೀರ್ ತನ್ನ ಪೀಠೋಪಕರಣದ ಅಂಗಡಿಯಲ್ಲಿ ದರೋಡೆಕೋರರ ಕೈಯಲ್ಲಿ ಹತನಾದನು. ಕಾರಾಪುರದಿಂದ ಜತೆಗೇ ಬಂದ ಒಂದೇ ಜೀವ ಅದು. ಮೂರು ವರ್ಷಗಳ ಬಳಿಕ, 1963ರ ಡಿಸೆಂಬರ್ 2ರಂದು, ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತಿನ ಮನೆಯಲ್ಲಿ ಸಾಬು ಹೃದಯಾಘಾತದಿಂದ ತೀರಿಕೊಂಡನು. ಕೆಲವೇ ದಿನಗಳ ಹಿಂದೆ ವೈದ್ಯರು ಪರೀಕ್ಷಿಸಿ ಆರೋಗ್ಯ ಚೆನ್ನಾಗಿದೆಯೆಂದಿದ್ದರು. ವಯಸ್ಸು 39. ಕೊನೆಯ ಚಿತ್ರ, ಡಿಸ್ನಿಯ ‘ಎ ಟೈಗರ್ ವಾಕ್ಸ್’, ಮರುವರ್ಷ ತೆರೆಕಂಡಿತು. ಸಮಾಧಿ ಹಾಲಿವುಡ್ ಬೆಟ್ಟದ ಫಾರೆಸ್ಟ್ ಲಾನಿನಲ್ಲಿದೆ.

ಮೈಸೂರಿನ ಕಡೆಯ ಓದುಗರು ‘ಎಲಿಫೆಂಟ್ ಬಾಯ್’ ಚಿತ್ರವನ್ನು ಮನೆಯ ಹಿರಿಯರ ಜತೆಗೆ ಕೂತು ನೋಡಬೇಕೆಂದು ನನ್ನ ಕೋರಿಕೆ. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದ ಮೇಲೆ ಹಳೆಯ ಕಾಕನಕೋಟೆಯ ನೆಲ ಹಿನ್ನೀರಿನಡಿ ಸೇರಿತು. ಕಾರಾಪುರದಲ್ಲಿ ಈಗ ಪ್ರವಾಸಿಗರ ತಂಗುದಾಣಗಳಿವೆ. ಐರಾವತದ ನಡಿಗೆಯನ್ನೂ ಅದರ ಕಿವಿಯ ಹಿಂದೆ ಬರಿಮೈಯಲ್ಲಿ ಕೂತ ಹನ್ನೊಂದು ಹನ್ನೆರಡರ ಆ ಹುಡುಗನನ್ನೂ ಆ ಚಿತ್ರದಲ್ಲಿ ಮಾತ್ರ ಕಾಣಬಹುದು.